ಕಪ್ಪು ಕಾಯಿಗೆ ಕಾರೋ-ಕಾನ್: ಎರಡು ವರ್ಷ ಬಳಸಿದ ಆನ್‌ಲೈನ್ ಕೋರ್ಸ್ ಬಗ್ಗೆ

ಚೆಸ್‌ನಲ್ಲಿ ಕಪ್ಪು ಕಾಯಿ ಬಂದಾಗಲೆಲ್ಲ ಹತ್ತು ನಡೆಯೊಳಗೆ ಆಟ ಕೈತಪ್ಪುತ್ತಿದೆ ಅನ್ನುವವರು ಕಾರೋ-ಕಾನ್ ಅನ್ನುವ ಡಿಫೆನ್ಸ್ ಕಲಿಯಲೇಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಅದಕ್ಕೆ ದುಡ್ಡು ಕೊಟ್ಟು ಕೋರ್ಸ್ ತಗೋಬೇಕಾ ಅನ್ನೋದು ಬೇರೆ ಪ್ರಶ್ನೆ. ನಾನು ತಗೊಂಡು ಎರಡು ವರ್ಷದ ಮೇಲಾಯ್ತು, ಈಗಲೂ ಬಳಸುತ್ತಿದ್ದೇನೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಈ ಥರದ ಕೋರ್ಸ್‌ಗಳ ಅಚ್ಚು ಹೆಚ್ಚುಕಡಿಮೆ ಒಂದೇ: ವಿಡಿಯೋ ಪಾಠ, ಜೊತೆಗೆ ನಡೆಗಳನ್ನು ಮತ್ತೆ ಮತ್ತೆ ಕೇಳುವ ಟ್ರೇನರ್. ತಪ್ಪಾಗಿ ಆಡಿದ ನಡೆಯನ್ನು ಬೇಗ ಕೇಳುತ್ತದೆ, ಸರಿಯಾಗಿ ಆಡಿದ್ದನ್ನು ಕೆಲವು ದಿನ ಬಿಟ್ಟು ಕೇಳುತ್ತದೆ.

ನಮ್ಮ ಮನೆ ತುಮಕೂರು, ಕೆಲಸ ಬೆಂಗಳೂರು. ಬೆಳಗಿನ ರೈಲು ಯಶವಂತಪುರ ಮುಟ್ಟುವವರೆಗೆ ಸಿಗುವ ಹೊತ್ತೇ ನನ್ನ ಚೆಸ್ ಕ್ಲಾಸು. ಸೀಟು ಸಿಕ್ಕರೆ ವಿಡಿಯೋ. ಕ್ಯಾತ್ಸಂದ್ರದಲ್ಲಿ ಜನ ತುಂಬಿಕೊಂಡು ನಿಲ್ಲಬೇಕಾಗಿ ಬಂದರೆ ಒಂದು ಕೈಯಲ್ಲಿ ಟ್ರೇನರ್. ದಾರಿಯಲ್ಲಿ ನೆಟ್‌ವರ್ಕ್ ಹೋದರೂ ಮೊದಲೇ ಇಳಿಸಿಕೊಂಡ ಪಾಠ ನಡೆಯುತ್ತದೆ. ದಿನಾ ಓಡಾಡುವವರಿಗೆ ಇದು ದೊಡ್ಡ ಅನುಕೂಲ.

ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳ ವಿಷಯಕ್ಕೆ ಬರೋಣ. ಬೋರ್ಡಿನ ಮನೆಗಳಿಗೆ ಬಿಳಿಯ ಎಡದಿಂದ ಎ–ಎಚ್, ಬಿಳಿಯ ಕಡೆಯಿಂದ 1–8 ಅಂತ ಹೆಸರು; ಬರೀ ಮನೆ ಹೇಳಿದರೆ ಪಾನ್ (ಸಿಪಾಯಿ) ಅಲ್ಲಿಗೆ ನಡೆಯಿತು ಅಂತ. ಬಿಳಿ ಇ4 ಆಡಿದರೆ ನಾವು ಸಿ6. ಅವರು ಡಿ4, ನಾವು ಡಿ5. ಹೊರಾಶಿಯೋ ಕಾರೋ ಮತ್ತು ಮಾರ್ಕಸ್ ಕಾನ್ 1886ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದರು, ಹೆಸರು ಅಲ್ಲಿಂದ ಬಂತು. ವಿಶ್ವ ಚಾಂಪಿಯನ್‌ಗಳಾದ ಕಾಪಾಬ್ಲಾಂಕ, ಪೆಟ್ರೋಸಿಯನ್, ಕಾರ್ಪೋವ್ ನಂಬಿ ಆಡಿದ ಡಿಫೆನ್ಸ್ ಇದು. ಇ4ಗೆ ಕಪ್ಪಿನ ಇನ್ನೊಂದು ಉತ್ತರವಾದ ಫ್ರೆಂಚ್ ಡಿಫೆನ್ಸ್‌ನಲ್ಲಿ ಮೊದಲೇ ಇ6 ಆಡುವುದರಿಂದ ಸಿ8ರ ಒಂಟೆ (ಬಿಷಪ್) ಒಳಗೇ ಉಳಿಯುತ್ತದೆ. ಇಲ್ಲಿ ಬಹಳಷ್ಟು ಲೈನ್‌ಗಳಲ್ಲಿ (ನಡೆಗಳ ಸರಣಿಗಳಲ್ಲಿ) ಒಂಟೆಯನ್ನು ಮೊದಲು ಆಚೆ ಕಳಿಸಿ, ಆಮೇಲೆ ಇ6 ಆಡುತ್ತೇವೆ. ಅಣ್ಣನ ಮಗಳಿಗೆ ನಾನು ಹೇಳಿಕೊಟ್ಟಿದ್ದು ಇದೊಂದೇ. ಈಗ ನಾನು ಆಡುವಾಗ ಪಕ್ಕದಲ್ಲಿ ಕೂತು "ಚಿಕ್ಕಪ್ಪಾ, ಒಂಟೆ ಹೊರಗೆ ಬಂತಾ?" ಅಂತ ಅವಳೇ ಕೇಳುತ್ತಾಳೆ.

ಆದರೆ ಈ ಕ್ರಮವನ್ನು ಕಣ್ಣುಮುಚ್ಚಿ ಆಡುವಂತಿಲ್ಲ. ಕೋರ್ಸ್‌ನ ಅತ್ಯುತ್ತಮ ಅಧ್ಯಾಯ ಇದನ್ನೇ ಕಲಿಸುತ್ತದೆ. ಬಿಳಿ ಮೂರನೇ ನಡೆಗೆ ಇ5 ಅಂತ ಮುಂದೆ ತಳ್ಳುತ್ತಾರೆ, ನಾವು ಒಂಟೆಯನ್ನು ಎಫ್5ಕ್ಕೆ ತರುತ್ತೇವೆ. ಆಗ ಅವರು ಎಚ್4 ಆಡಿದರೆ? 1961ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬಾಟ್ವಿನ್ನಿಕ್ ಮೇಲೆ ತಾಲ್ ಆಡಿದ ನಡೆ ಇದು. ನೋಡಲು ಏನೂ ಇಲ್ಲದ ಹಾಗಿದೆ ಅಲ್ವಾ? ಇಲ್ಲಿ ಇ6 ಆಡಿದರೆ ಜಿ4 ಬರುತ್ತದೆ. ಒಂಟೆ ಇ4ಕ್ಕೆ ಹೋದರೆ ಎಫ್3, ಜಿ6ಕ್ಕೆ ಬಂದರೆ ಎಚ್5. ಒಂಟೆ ಸಿಕ್ಕಿಬಿತ್ತು. ಬದಲಿಗೆ ನಾವೂ ಎಚ್5 ಆಡಬೇಕು, ಆಗ ಜಿ4 ಅಷ್ಟು ಸುಲಭವಲ್ಲ. ಅಮಾನಿಕೆರೆ ಪಾರ್ಕಿನಲ್ಲಿ ಭಾನುವಾರ ಆಡಲು ಬರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಈ ಎಚ್4 ಬಹಳ ಇಷ್ಟ. ನಾನು ಎಚ್5 ಇಟ್ಟಾಗ ಬೋರ್ಡ್ ನೋಡಿ, "ಇದನ್ನೂ ಓದ್ಕೊಂಡು ಬಂದಿದೀಯಲ್ಲಪ್ಪಾ" ಅಂದರು. ನನಗೆ ಕೊಟ್ಟ ದುಡ್ಡು ವಸೂಲಾದಷ್ಟು ಖುಷಿ ಆಯ್ತು.

ಇನ್ನೊಂದು ಎಚ್ಚರಿಕೆ. ಮೂರನೇ ನಡೆಗೆ ಬಿಳಿ ಕುದುರೆ ಸಿ3ಕ್ಕೆ ಬಂದು, ಡಿ5ರ ಪಾನ್ ಇ4ರಲ್ಲಿ ಹೊಡೆದು, ಕುದುರೆ ವಾಪಸ್ ಹೊಡೆದ ಮೇಲೆ ಕಾರ್ಪೋವ್ ದಾರಿಯಲ್ಲಿ ನಮ್ಮ ಬಿ8ರ ಕುದುರೆಯನ್ನು ಡಿ7ಕ್ಕೆ ತರುತ್ತೇವೆ. ಬಿಳಿ ರಾಣಿ ಇ2ಕ್ಕೆ ಬಂದರೆ ಅಲ್ಲೇ ನಿಂತು ಯೋಚಿಸಿ. ಜಿ8ರ ಕುದುರೆಯನ್ನು ಎಫ್6ಕ್ಕೆ ತಂದರೆ, ಅವರ ಕುದುರೆ ಡಿ6ಕ್ಕೆ ಬಂದು ಮೇಟ್! ಇ7ರ ಪಾನ್ ರಾಣಿಯ ಎದುರು ಕಟ್ಟಿಬಿದ್ದಿದೆ, ಸರಿದರೆ ನಮ್ಮ ರಾಜನಿಗೇ ಚೆಕ್, ಹಾಗಾಗಿ ಕುದುರೆಯನ್ನು ಹೊಡೆಯುವ ಹಾಗಿಲ್ಲ. ರಾಜನಿಗೆ ಸುತ್ತ ತನ್ನದೇ ಕಾಯಿಗಳು. ಪಾಲ್ ಕೆರೆಸ್ 1950ರಲ್ಲಿ ಇದೇ ರೀತಿ ಆರನೇ ನಡೆಗೆ ಆಟ ಮುಗಿಸಿದ್ದರು. ಡಿ7ರ ಕುದುರೆಯನ್ನೇ ಎಫ್6ಕ್ಕೆ ಆಡಿದರೆ ಏನೂ ತೊಂದರೆ ಇಲ್ಲ.

ಈಗ ನನ್ನ ದೊಡ್ಡ ತಕರಾರು. ಗಟ್ಟಿ ಡಿಫೆನ್ಸ್ ಅಂದರೆ ಸುಮ್ನೆ ಕಾಯುತ್ತಾ ಕೂರುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕೋರ್ಸ್ ಆ ತಪ್ಪು ಕಲ್ಪನೆಯನ್ನು ಮೊದಲ ಪಾಠದಲ್ಲೇ ಒಡೆಯಬೇಕಿತ್ತು. ಇ5 ತಳ್ಳಿದ ಆಟದಲ್ಲಿ ಕಪ್ಪಿನ ಜೀವ ಇರುವುದೇ ಸಿ5 ನಡೆಯಲ್ಲಿ. ಸಿ6ಕ್ಕೆ ಬಂದ ಪಾನ್ ಇನ್ನೊಂದು ಮನೆ ನಡೆಯಬೇಕು, ಅಂದರೆ ಫ್ರೆಂಚ್‌ಗಿಂತ ಒಂದು ನಡೆ ಜಾಸ್ತಿ ಖರ್ಚು. ಖರ್ಚಾದರೂ ಆಡಲೇಬೇಕು. ಆಗಲೇ ಡಿ4ರ ಬುಡ ಅಲ್ಲಾಡುವುದು, ಕುದುರೆ ಸಿ6ಕ್ಕೆ ಬರುವುದು, ರಾಣಿ ಬಿ6ರಿಂದ ಬಿ2ರ ಪಾನ್ ಮೇಲೆ ಕಣ್ಣಿಡುವುದು. ಸಿ5 ಆಡದೆ ಕೂತರೆ ಬಿಳಿ ನಿಧಾನವಾಗಿ ಎಲ್ಲ ಕಾಯಿಗಳನ್ನೂ ನಮ್ಮ ರಾಜನ ಕಡೆ ತಿರುಗಿಸುತ್ತಾರೆ. ಇಷ್ಟು ಮುಖ್ಯವಾದ ಮಾತು ಕೋರ್ಸ್‌ನಲ್ಲಿ ಒಂದು ವಿಡಿಯೋದ ಕೊನೆಯಲ್ಲಿ ಬಂದು ಹೋಗುತ್ತದೆ. ಟ್ರೇನರ್ ಅಂತೂ ನಡೆ ಕೇಳುತ್ತದೆಯೇ ಹೊರತು ಯಾಕೆ ಅಂತ ಕೇಳುವುದಿಲ್ಲ.

ಅಧ್ಯಾಯಗಳ ಹಂಚಿಕೆಯೂ ನಮ್ಮಂಥವರಿಗೆ ಹೊಂದುವುದಿಲ್ಲ. ಕ್ಲಾಸಿಕಲ್ ಲೈನ್ (ಬಿಳಿ ಕುದುರೆ ಇ4ರಲ್ಲಿ ವಾಪಸ್ ಹೊಡೆದ ಮೇಲೆ ನಾವು ಒಂಟೆಯನ್ನು ಎಫ್5ಕ್ಕೆ ತರುವ ಆಟ) ಇಪ್ಪತ್ತನೇ ನಡೆ ದಾಟಿ ಹೋಗುತ್ತದೆ. ನಮ್ಮ ಕಡೆ ಶಾಲಾ ಮಕ್ಕಳ ಟೂರ್ನಿಗಳಲ್ಲಿ ನಾನು ಜಾಸ್ತಿ ನೋಡುವುದು ಎರಡೂ ಕುದುರೆ ಬೇಗ ಹೊರಗೆ ತರುವ ಆಟ, ಇಲ್ಲವೇ ಡಿ5ರಲ್ಲಿ ಪಾನ್ ಬದಲಾಯಿಸಿಕೊಳ್ಳುವ ಎಕ್ಸ್‌ಚೇಂಜ್. ಎರಡು ಕುದುರೆ ಆಟಕ್ಕೆ ಕೊಟ್ಟ ಪಾಠ ತೀರಾ ಚಿಕ್ಕದು. ಅಲ್ಲಿ ಇ4ರಲ್ಲಿ ಹೊಡೆದು ಒಂಟೆಯನ್ನು ಎಫ್5ಕ್ಕೆ ತರುವುದು ಅಪಾಯ, ಮೊದಲೇ ಜಿ4ಕ್ಕೆ ತಂದು ಕುದುರೆಯನ್ನು ಕಟ್ಟುವುದು ನೆಮ್ಮದಿ. ಕಾರಣ ಅರ್ಥವಾಗಲು ನಾನು ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟಿನಲ್ಲಿ ಸ್ಟಡಿ ಮಾಡಿಕೊಂಡು ಒಂದೊಂದೇ ನಡೆ ನೋಡಬೇಕಾಯಿತು. ಲಿಚೆಸ್ ಪೂರ್ತಿ ಉಚಿತ, ಯಾವ ನಡೆಯನ್ನು ಎಷ್ಟು ಜನ ಆಡಿದ್ದಾರೆ ಅಂತ ತೋರಿಸುವ ಓಪನಿಂಗ್ ಎಕ್ಸ್‌ಪ್ಲೋರರ್ ಕೂಡ.

ಭಾಷೆ ಇನ್ನೊಂದು ಅಡ್ಡಿ. ಪಾಠ ಪೂರ್ತಿ ಇಂಗ್ಲಿಷ್‌ನಲ್ಲಿದೆ, ಮಾತು ವೇಗ. ಕನ್ನಡ ಶಾಲೆಯ ಮಕ್ಕಳಿಗೆ ಪಕ್ಕದಲ್ಲಿ ಯಾರಾದರೂ ಕೂತು ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಚುರುಕಾಗಿ ಆಡುವ ಮಕ್ಕಳಿದ್ದಾರೆ. ಕನ್ನಡದಲ್ಲಿ ಇಂಥದೊಂದು ಕೋರ್ಸ್ ಯಾರಾದರೂ ಮಾಡಿದರೆ ಮೊದಲು ದುಡ್ಡು ಕಟ್ಟುವವನು ನಾನು.

ತಗೊಳ್ಳುವವರು ರಿಯಾಯಿತಿ ಬರುವವರೆಗೆ ಕಾಯಿರಿ, ಪೂರ್ತಿ ಬೆಲೆ ಜಾಸ್ತಿಯಾಯಿತು. ಮೊದಲು ಇ5 ಅಧ್ಯಾಯ ಮುಗಿಸಿ, ಆಮೇಲೆ ಎಕ್ಸ್‌ಚೇಂಜ್ ಮತ್ತು ಡಿ5ರಲ್ಲಿ ಬದಲಾಯಿಸಿಕೊಂಡ ಮೇಲೆ ಬಿಳಿ ಸಿ4 ಆಡುವ ಪನೋವ್ ಲೈನ್. ಕ್ಲಾಸಿಕಲ್‌ನ ಮೊದಲ ಹತ್ತು ನಡೆ ಗೊತ್ತಿದ್ದರೆ ಸದ್ಯಕ್ಕೆ ಸಾಕು. ಬಿಳಿ ಡಿ4ರಿಂದ ಶುರು ಮಾಡಿದರೆ ಈ ಕೋರ್ಸ್ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಸ್ಲಾವ್ ಡಿಫೆನ್ಸ್ ಕಲಿಯಿರಿ. ಅಲ್ಲೂ ಸಿ6, ಡಿ5 ಪಾನ್‌ಗಳೇ ಇರುವುದರಿಂದ ಅರ್ಧ ಪರಿಚಯ ಆಗಲೇ ಆಗಿರುತ್ತದೆ. ನಾನು ಈಗ ರೈಲಿನಲ್ಲಿ ಓದುತ್ತಿರುವುದು ಅದನ್ನೇ.