ಹಳೆ ಮದುವೆ ರಿಜಿಸ್ಟರ್ ಓದೋಕೆ ಯಾವುದು ವಾಸಿ: ಭೂತಗನ್ನಡಿಯೋ, ಟ್ರಾನ್ಸ್‌ಕ್ರಿಬಸ್ಸೋ, ಮೊಬೈಲ್ ಫೋಟೊನೋ?

1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂದ ಮೇಲೆ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಎಷ್ಟೋ ಕುಟುಂಬಗಳು ಗಣಿ ಕೆಲಸಕ್ಕೆ ಇಲ್ಲಿಗೆ ಬಂದವು. ಅವರಲ್ಲಿ ಕ್ರೈಸ್ತರ ಹೆತ್ತವರ ಹೆಸರು ತಿಳಿಯಬೇಕಾದರೆ ಚರ್ಚಿನ ಮದುವೆ ರಿಜಿಸ್ಟರೇ ಗತಿ. ನಮ್ಮ ಮುತ್ತಜ್ಜನ ಮದುವೆ ಹುಡುಕುವಾಗ ಮೂರು ದಾರಿಯನ್ನೂ ನೋಡಿದೆ.

ಭೂತಗನ್ನಡಿ ಹಿಡಿದು ಪುಸ್ತಕವನ್ನೇ ಓದುವುದರಲ್ಲಿ ಒಂದು ದೊಡ್ಡ ಲಾಭವಿದೆ. ಇಂಕು ಮಾಸಿದ ಕಡೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ನಿಬ್ಬು ಒತ್ತಿದ ಗೀರು ಕಾಣುತ್ತದೆ. ಆದರೆ ಚರ್ಚಿನ ಆಫೀಸಿನಲ್ಲಿ ಎಷ್ಟು ಹೊತ್ತು ಕೂರೋಕಾಗುತ್ತೆ? ಕಣ್ಣೂ ಸೋಲುತ್ತದೆ.

ಟ್ರಾನ್ಸ್‌ಕ್ರಿಬಸ್ ಕೈಬರಹವನ್ನು ತಾನೇ ಓದುವ ತಂತ್ರಾಂಶ. ಸಾಲಾಗಿ ಬರೆದ ಪುಟವನ್ನು ಬೇಗ ಓದಿಕೊಟ್ಟಿತು. ಕಾಲಂ ಇರುವ ಪುಟದಲ್ಲಿ ಮಾತ್ರ ವರನ ಅಪ್ಪನ ಹೆಸರನ್ನು ವಧುವಿನ ಸಾಲಿಗೆ ಸೇರಿಸಿತು. ಸವರಿಮುತ್ತು, ಚಿನ್ನಪ್ಪನ್ ತರಹದ ಹೆಸರು ಬಂದರೆ ಪೂರ್ತಿ ಕಲಸುಮೇಲೋಗರ. ಅದಕ್ಕೆ ಒಬ್ಬ ಪಾದ್ರಿಯ ಕೈಬರಹ ಕಲಿಸಬಹುದು ನಿಜ. ಆದರೆ ಸಾವಿರಾರು ಪದಗಳನ್ನು ನಾವೇ ಓದಿ ಟೈಪ್ ಮಾಡಿ ಕೊಡಬೇಕು. ಇಡೀ ಪ್ಯಾರಿಷ್‌ನ ದಾಖಲೆ ಟೈಪ್ ಮಾಡುವವರಿಗೆ ಇದು ಸರಿ, ಒಂದು ಮನೆಯ ವಂಶಾವಳಿಗೆ ಜಾಸ್ತಿಯೇ ಆಯಿತು.

ನನಗೆ ನಿಜವಾಗಿ ದಾರಿ ತೋರಿಸಿದ್ದು ಮೊಬೈಲ್ ಫೋಟೊ, ಜೊತೆಗೊಂದು ಅಕ್ಷರಪಟ್ಟಿ. ಫಾದರ್ ಅನುಮತಿ ಪಡೆದು, ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಲ್ಲಿ ಫೋಟೊ ತೆಗೆಯಿರಿ. ನಿಮಗೆ ಬೇಕಾದ ಪುಟ ಒಂದೇ ಸಾಲದು, ಅದರ ಹಿಂದೆ ಮುಂದಿನ ಪುಟಗಳೂ ಬೇಕು. ಮನೆಯಲ್ಲಿ ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ. ಆ ಕಾಲದ ಕ್ಯಾಥೊಲಿಕ್ ರಿಜಿಸ್ಟರ್ ಸಾಮಾನ್ಯವಾಗಿ ಲ್ಯಾಟಿನ್‌ನಲ್ಲಿರುತ್ತದೆ, ಪ್ರತಿ ಮದುವೆಗೂ ಹೆಚ್ಚುಕಡಿಮೆ ಅದೇ ವಾಕ್ಯ. ಮಗ ಎನ್ನಲು ‘ಫಿಲಿಯುಸ್’, ಮಗಳಿಗೆ ‘ಫಿಲಿಯಾ’, ವಿಧವೆಗೆ ‘ವಿದುವಾ’. ಇಂಥ ಗೊತ್ತಿರುವ ಪದಗಳಿಂದ ಆ ಪಾದ್ರಿಯ ಒಂದೊಂದೇ ಅಕ್ಷರ ಕತ್ತರಿಸಿ ಪಟ್ಟಿಗೆ ಅಂಟಿಸಿ. ಆಮೇಲೆ ಗೊತ್ತಿಲ್ಲದ ಹೆಸರನ್ನು ಅದರ ಪಕ್ಕ ಇಟ್ಟು ನೋಡಿ. ಮಸುಕು ಗೆರೆ ಅಂತ ಬಿಟ್ಟಿದ್ದ ಜಾಗದಲ್ಲಿ ಮುತ್ತಜ್ಜಿಯ ಅಪ್ಪನ ಹೆಸರು ಅಕ್ಷರಕ್ಕೆ ಅಕ್ಷರ ಕೂಡಿ ಬಂದಾಗ ಆದ ಸಂತೋಷ ಹೇಳತೀರದು.

ಅಂಕಿಗಳಿಗೂ ಪಟ್ಟಿ ಮಾಡಿ, ಇದು ಬಹಳ ಮುಖ್ಯ. ಆಗ ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿಗಳು ಇದ್ದರು. ಫ್ರೆಂಚ್ ಕೈಬರಹದ 1ಕ್ಕೆ ಉದ್ದ ಬಾಲವಿದ್ದು ನಮ್ಮ ಕಣ್ಣಿಗೆ 7ರಂತೆ ಕಾಣುತ್ತದೆ. ಅವರ 7ಕ್ಕೆ ನಡುವೆ ಅಡ್ಡಗೆರೆ ಇರುತ್ತದೆ. ‘7ಬ್ರಿಸ್’ ಅಂತ ಇದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್ (ಲ್ಯಾಟಿನ್‌ನಲ್ಲಿ ‘ಸೆಪ್ಟೆಮ್’ ಅಂದರೆ ಏಳು). ‘8ಬ್ರಿಸ್’ ಅಂದರೆ ಅಕ್ಟೋಬರ್.

ಅನುಮಾನ ಉಳಿದ ಅಕ್ಷರಕ್ಕೆ ಪ್ರಶ್ನೆಚಿಹ್ನೆ ಹಾಕಿಡಿ. ಆ ದಂಪತಿಯ ಮೊದಲ ಮಗುವಿನ ಜ್ಞಾನಸ್ನಾನದ ದಾಖಲೆಯಲ್ಲಿ ತಂದೆ ತಾಯಿ ಹೆಸರು ಮತ್ತೆ ಬರುತ್ತದೆ ಅಲ್ವಾ, ಅಲ್ಲಿ ತಾಳೆ ನೋಡಬಹುದು. ಆಗಲೂ ಬಗೆಹರಿಯದಿದ್ದರೆ ಭೂತಗನ್ನಡಿ, ಟಾರ್ಚ್ ಹಿಡಿದು ಆ ಒಂದು ಸಾಲಿಗಾಗಿ ಮತ್ತೆ ಚರ್ಚಿಗೆ ಹೋಗಿ.