ಬೆಂಗಳೂರು–ಮಂಗಳೂರು ವಿಮಾನ: ಟಿಕೆಟ್‌ನಲ್ಲಿ ಒಂದು ಗಂಟೆ, ಮನೆಯಿಂದ ಮನೆಗೆ ಎಷ್ಟು?

ಮಂಗಳೂರಿಗೆ ವಿಮಾನದಲ್ಲಿ ಹೋದರೆ ಲಾಭವಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು, ನಿಮ್ಮ ಮನೆ ಬೆಂಗಳೂರಿನಲ್ಲಿ ಯಾವ ಕಡೆ ಅಂತ.

ರಸ್ತೆಯಲ್ಲಿ ಸುಮಾರು 350 ಕಿ.ಮೀ. ಆಕಾಶದಲ್ಲಿ ನೇರ ಗೆರೆ ಎಳೆದರೆ 300ಕ್ಕಿಂತ ಸ್ವಲ್ಪ ಜಾಸ್ತಿ. ದೊಡ್ಡ ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹಾರುತ್ತದೆ, ಹಾಗಾದರೆ 25 ನಿಮಿಷ ಸಾಕಲ್ವಾ? ಆದರೆ ಟಿಕೆಟ್‌ನಲ್ಲಿ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಇರುತ್ತದೆ. ಅದು ಈ ಕಡೆ ಗೇಟ್ ಬಿಟ್ಟು ಆ ಕಡೆ ಬಂದು ನಿಲ್ಲುವವರೆಗಿನ ಲೆಕ್ಕ. ರನ್‌ವೇವರೆಗೆ ನಿಧಾನಕ್ಕೆ ಹೋಗಬೇಕು, ಸರದಿ ಕಾಯಬೇಕು, ಮೇಲೇರಬೇಕು, ಏರಿ ಮುಗಿಯಿತು ಅನ್ನುವಷ್ಟರಲ್ಲಿ ಇಳಿಯಲು ಶುರು. ಪೂರ್ತಿ ವೇಗದಲ್ಲಿ ಹಾರೋದು ಸ್ವಲ್ಪ ಹೊತ್ತು ಮಾತ್ರ. ಅದಕ್ಕೇ ರೆಕ್ಕೆಯಲ್ಲಿ ಫ್ಯಾನ್ ಇರುವ, ಜೆಟ್‌ಗಿಂತ ನಿಧಾನದ ಎಟಿಆರ್ ಅನ್ನೋ ಚಿಕ್ಕ ವಿಮಾನ ಸಿಕ್ಕಿದರೂ ಬೇಜಾರು ಮಾಡ್ಕೋಬೇಡಿ. ಸದ್ದು ಜಾಸ್ತಿ, ನಿಜ. ಆದರೆ ಕೆಳಗೆ ಹಾರುವುದರಿಂದ ಮೋಡ ಇಲ್ಲದ ದಿನ ಘಟ್ಟದ ಕಾಡು ಚೆನ್ನಾಗಿ ಕಾಣುತ್ತದೆ, ಕಿಟಕಿ ಸೀಟಿಗೆ ಕೊಟ್ಟ ದುಡ್ಡು ವಸೂಲಿ.

ತಲೆನೋವು ಇರೋದು ನೆಲದ ಮೇಲೆ. ಮಂಗಳೂರು ಇರೋದು ಪಶ್ಚಿಮಕ್ಕೆ, ನಾವು ಹೊರಡೋದು ಹೆಬ್ಬಾಳ ದಾಟಿ ಉತ್ತರಕ್ಕೆ, ದೇವನಹಳ್ಳಿಗೆ! ಮೆಜೆಸ್ಟಿಕ್‌ನಿಂದಲೇ ಹೆಚ್ಚು ಕಡಿಮೆ 35 ಕಿ.ಮೀ. ಕೆಂಗೇರಿಯವರು ಸಂಜೆ ಹೊತ್ತು ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸು ಹತ್ತಿದರೆ ಎರಡು ಗಂಟೆ ಅದಕ್ಕೇ ಇಟ್ಕೊಳ್ಳಿ. ಬ್ಯಾಗ್ ಕೊಡುವ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಸೆಕ್ಯುರಿಟಿ ಸಾಲು ಬೇರೆ. ಎಲ್ಲಾ ಸೇರಿಸಿದರೆ ಐದು ಗಂಟೆ ಹತ್ತಿರ ಹತ್ತಿರ ಬರುತ್ತದೆ. ಯಲಹಂಕ, ಸಹಕಾರನಗರದವರಿಗೆ ಮಾತ್ರ ನಿಜವಾಗ್ಲೂ ಅರ್ಧ ದಿನ ಉಳಿಯುತ್ತದೆ.

ಮಂಗಳೂರು ವಿಮಾನ ನಿಲ್ದಾಣ ಇರುವ ಬಜಪೆಯಲ್ಲಿ ಇಳಿದ ಮೇಲೆ ಏನೂ ರಗಳೆ ಇಲ್ಲ. ಚಿಕ್ಕ ನಿಲ್ದಾಣ, ಬ್ಯಾಗ್ ಬೇಗ ಬರುತ್ತದೆ, ಊರ ನಡುವಿನ ಹಂಪನಕಟ್ಟೆ ಹದಿನೈದು ಕಿ.ಮೀ. ಒಳಗೆ. ಆದರೆ ಅದು ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ. ಜೂನ್–ಜುಲೈನಲ್ಲಿ ಮಳೆ ಜೋರಾಗಿ ಏನೂ ಕಾಣದಿದ್ದರೆ ವಿಮಾನ ಮೇಲೆಯೇ ಸುತ್ತು ಹೊಡೆಯುತ್ತದೆ, ಕೆಲವೊಮ್ಮೆ ಬೇರೆ ಊರಿಗೆ ಹೋಗಿ ಇಳಿಯುತ್ತದೆ. ಮದುವೆ ಮುಹೂರ್ತಕ್ಕೆ ಹೋಗೋರು ಆ ದಿನಗಳಲ್ಲಿ ಹಿಂದಿನ ದಿನವೇ ಹೊರಡಿ.

ಊರು ಪುತ್ತೂರು, ಉಪ್ಪಿನಂಗಡಿ, ಸುಳ್ಯ ಅಂದ್ರೆ ವಿಮಾನದ ಆಸೆ ಬಿಡಿ. ಮಂಗಳೂರಿಗೆ ಹೋಗಿ ಮತ್ತೆ ಹಿಂದಕ್ಕೆ ಬರೋದು ಯಾಕೆ ಸುಮ್ನೆ? ರಾತ್ರಿ ಬಸ್ಸು ಹತ್ತಿ ಮಲಗಿದರೆ ಬೆಳಗ್ಗೆ ಮನೆ ಬಾಗಿಲು. ಉಡುಪಿ, ಕಾಸರಗೋಡಿನವರಿಗೆ ಪರವಾಗಿಲ್ಲ. ಹಗಲು ರೈಲು ಅಂತೂ ಸಮಯ ಉಳಿಸೋರಿಗಲ್ಲ, ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 57 ಸುರಂಗಗಳ ಆಸೆಗೆ ಒಮ್ಮೆ ಹೋಗಿ.

ದರದ ವಿಷಯ: ವಾರದ ನಡುವೆ, ಮೊದಲೇ ಬುಕ್ ಮಾಡಿದರೆ ಒಳ್ಳೆ ಸ್ಲೀಪರ್ ಬಸ್ಸಿಗಿಂತ ತುಂಬಾ ಜಾಸ್ತಿ ಆಗೋದಿಲ್ಲ. ದೀಪಾವಳಿ ವಾರದ ದರ ನೋಡಲೇಬೇಡಿ. ಒಟ್ಟಾರೆ ಈ ವಿಮಾನ ಪ್ರಯಾಣಕ್ಕೆ ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಅಂಕ. ಮನೆ ಯಲಹಂಕದಲ್ಲಿದ್ದರೆ ನಾಲ್ಕೂವರೆ ಕೊಡ್ತಿದ್ದೆ.