ಅಜಥಯೋಪ್ರಿನ್ 50 ಗುಳಿಗೆ: ಮಗನಿಗೆ ಒಂದೂವರೆ ವರ್ಷ ಕೊಟ್ಟ ಮೇಲೆ

ಐದರಲ್ಲಿ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಕ್ರೋನ್ಸ್ (ಕರುಳಿನಲ್ಲಿ ಉರಿಯೂತ ವರ್ಷಗಟ್ಟಲೆ ಕಾಡುವ ಕಾಯಿಲೆ) ಇರುವ ಮಗುವಿಗೆ ಇದನ್ನು ಬರೆದುಕೊಟ್ಟಿದ್ದಾರೆ, ಕೊಡಬೇಕೋ ಬೇಡವೋ ಗೊತ್ತಾಗದೆ ಚೀಟಿ ಹಿಡಿದು ಕೂತಿರುವ ಅಪ್ಪ ಅವ್ವಂದಿರಿಗಾಗಿ ಇದು. ನಾವು ಬಾಗಲಕೋಟೆ ನವನಗರದವರು. ಮಗನಿಗೆ ಆಗ 11 ವರ್ಷ, ತೂಕ 24 ಕೆಜಿ.

ಡಬ್ಬಿಯೊಳಗಿನ ಕಾಗದ ಬಿಚ್ಚಿ ಓದಿದ ದಿನ ನನಗೆ ಊಟ ಸೇರಲಿಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ, ಕಿಡ್ನಿ ಕಸಿ ಮಾಡಿದವರಿಗೆ ಕೊಡುವ ಔಷಧ, ಬಿಳಿ ರಕ್ತಕಣ ಇಳಿಯಬಹುದು, ಲಿವರ್‌ಗೆ ತೊಂದರೆ ಆಗಬಹುದು, ಲಿಂಫೋಮಾ ಅನ್ನೋ ಕ್ಯಾನ್ಸರ್ ಬರಬಹುದು ಅಂತೆಲ್ಲ ಇತ್ತು. ಅತ್ತೆ ಕೇಳಿಸಿಕೊಂಡು, "ಹೊಟ್ಟಿಬ್ಯಾನಿಗೆ ಇಂಥಾ ಗುಳಿಗಿ ಯಾಕವ್ವಾ, ಪಥ್ಯಾ ಮಾಡ್ಸು ಸಾಕು" ಅಂದರು.

ಪಥ್ಯ ಮಾಡಿಸದೆ ಇದ್ದೆವಾ? ಅದಕ್ಕೂ ಮೊದಲು ಒಂದು ದವಾಖಾನೆಯಲ್ಲಿ ಆರು ತಿಂಗಳು ಟಿಬಿ ಔಷಧಿ ಕೊಟ್ಟಿದ್ದರು. ಕರುಳಿನ ಟಿಬಿಯೂ ಕ್ರೋನ್ಸೂ ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆಯಲ್ಲಿ) ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವಂತೆ. ನಮ್ಮ ಕಡೆ ಟಿಬಿ ಜಾಸ್ತಿ, ಹಾಗಾಗಿ ಮೊದಲು ಅದನ್ನೇ ನೋಡುತ್ತಾರೆ. ಒಪ್ಪಿಕೊಳ್ಳುತ್ತೇನೆ, ಆದರೆ ಆ ಆರು ತಿಂಗಳು ಮಗ ಸೊರಗುತ್ತಲೇ ಹೋದ. ಆಮೇಲೆ ಸ್ಟಿರಾಯ್ಡ್. ಎರಡು ವಾರದಲ್ಲಿ ರೊಟ್ಟಿ ಕೇಳಿ ತಿಂದ, ಮುಖ ಊದಿಕೊಂಡಿತು, ಡೋಸ್ ಇಳಿಸಿದ ಕೂಡಲೇ ಮತ್ತೆ ನೋವು ಬಂತು. ಎರಡು ಸಲ ಹೀಗಾಯಿತು.

ನಾವು ಪ್ರತಿ ಯುಗಾದಿಗೆ ಅವನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆಯುತ್ತೇವೆ. ಎರಡು ಯುಗಾದಿಯ ಗೆರೆಗಳು ಒಂದರ ಮೇಲೊಂದು ಬಿದ್ದಿದ್ದವು. ಕರುಳಿನ ಉರಿಯೂತವೂ ಮಗುವಿನ ಎತ್ತರ ತಡೆಯುತ್ತದೆ, ಸ್ಟಿರಾಯ್ಡೂ ತಡೆಯುತ್ತದೆ. ಕಾಗದದಲ್ಲಿದ್ದದ್ದು ಆಗಬಹುದಾದ ಕೆಡುಕು, ಇದು ಆಗಲೇ ಆಗುತ್ತಿದ್ದದ್ದು. ನನ್ನ ಮನಸ್ಸು ತಿರುಗಿದ್ದು ಅಲ್ಲಿ.

ಬೆಳಗಾವಿಯ ಡಾಕ್ಟರು ಬೇರೆ ದಾರಿಗಳನ್ನೂ ಹೇಳಿದರು. ಆರೆಂಟು ವಾರ ಬರೀ ಪೌಷ್ಟಿಕ ದ್ರವಾಹಾರ ಕೊಟ್ಟರೆ ಮಕ್ಕಳಲ್ಲಿ ಸ್ಟಿರಾಯ್ಡ್ ಇಲ್ಲದೆಯೇ ರೋಗ ತಗ್ಗುತ್ತದೆ, ಆದರೆ ವರ್ಷಗಟ್ಟಲೆ ಹಾಗೆ ಇಡೋಕಾಗಲ್ಲ. ಇನ್‌ಫ್ಲಿಕ್ಸಿಮಾಬ್ ಅನ್ನೋ ಡ್ರಿಪ್ ಔಷಧ ಬೇಗ ಕೆಲಸ ಮಾಡುತ್ತದೆ, ಮೊದಲ ಡೋಸ್ ಆದ ಮೇಲೆ 2ನೇ ವಾರ, 6ನೇ ವಾರ, ನಂತರ ಎಂಟು ವಾರಕ್ಕೊಮ್ಮೆ ಡ್ರಿಪ್. ಅದಕ್ಕೆ ನಮ್ಮಲ್ಲಿ ದುಡ್ಡಿರಲಿಲ್ಲ, ಒಳಗೆ ಅಡಗಿರುವ ಟಿಬಿ ಏಳುವ ಭಯ ಬೇರೆ.

ಗುಳಿಗೆ ಶುರು ಮಾಡುವ ಮೊದಲು ನುಡ್ಟ್15 ಮತ್ತು ಟಿಪಿಎಂಟಿ ಅನ್ನೋ ಜೀನ್ ಪರೀಕ್ಷೆ ಮಾಡಿಸಿ. ದಯವಿಟ್ಟು ಕೇಳಿ ಮಾಡಿಸಿ. ಈ ಜೀನ್‌ಗಳಲ್ಲಿ ದೋಷವಿದ್ದರೆ ಮಾಮೂಲಿ ಡೋಸಿಗೇ ಬಿಳಿ ರಕ್ತಕಣ ಕುಸಿದುಬಿಡುತ್ತದೆ, ನಮ್ಮ ಏಷ್ಯಾದವರಲ್ಲಿ ನುಡ್ಟ್15 ದೋಷ ಯುರೋಪಿನವರಿಗಿಂತ ಜಾಸ್ತಿ. ರಿಪೋರ್ಟ್ ಬರಲು ಹನ್ನೆರಡು ದಿನ ಹಿಡಿಯಿತು, ನಾರ್ಮಲ್ ಅಂತ ಬಂದ ಮೇಲೆಯೇ ಮೊದಲ ಗುಳಿಗೆ ಕೊಟ್ಟೆ. ಚಿಕನ್‌ಪಾಕ್ಸ್ ಲಸಿಕೆ ಬಾಕಿ ಇತ್ತು, ಅದನ್ನೂ ಮೊದಲೇ ಮುಗಿಸಿದ್ದೆವು. ಅದರಂಥ ಜೀವಂತ ಲಸಿಕೆಗಳನ್ನು (ಬಲ ಕುಗ್ಗಿಸಿದ ಜೀವಂತ ರೋಗಾಣು ಇರುವಂಥವು) ಈ ಔಷಧ ನಡೆಯುವಾಗ ಹಾಕುವುದಿಲ್ಲ.

ಮೊದಲು ಅರ್ಧ ಗುಳಿಗೆ, ಆಮೇಲೆ ಒಂದು, ರಾತ್ರಿ ಊಟದ ನಂತರ. ಎರಡು ವಾರ ವಾಕರಿಕೆ ಇತ್ತು. ಗುಳಿಗೆ ಮುರಿದರೆ ಕೈ ತೊಳೆಯಿರಿ, ಮನೆಯಲ್ಲಿ ಬಸುರಿ ಇದ್ದರೆ ಮುರಿಯೋ ಕೆಲಸ ಅವರಿಗೆ ಬೇಡ. ಮೊದಲ ತಿಂಗಳು ವಾರಕ್ಕೊಮ್ಮೆ ರಕ್ತ ಪರೀಕ್ಷೆ, ನಿಧಾನಕ್ಕೆ ಮೂರು ತಿಂಗಳಿಗೊಮ್ಮೆ ಆಯಿತು. ಒಮ್ಮೆ ಬಿಳಿ ರಕ್ತಕಣ 3,100ಕ್ಕೆ ಇಳಿದಿತ್ತು. ಡಾಕ್ಟರಿಗೆ ಫೋನ್ ಮಾಡಿದೆ, ಡೋಸ್ ಅರ್ಧ ಮಾಡಿಸಿದರು, ಮುಂದಿನ ಪರೀಕ್ಷೆಯಲ್ಲಿ ಸರಿಹೋಯಿತು. ಆ ವಾರ ಪರೀಕ್ಷೆ ತಪ್ಪಿಸಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಹುಡುಗ ಆಡಿಕೊಂಡೇ ಇದ್ದ. ಜ್ವರ ಬಂದರೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದರೆ ಅದೇ ದಿನ ದವಾಖಾನೆಗೆ ಹೋಗಬೇಕು, ನೋವಿಗೆ ಪ್ಯಾಂಕ್ರಿಯಾಸ್ ಊತ ಕಾರಣವಿರಬಹುದು.

ಬಿಸಿಲು ಇನ್ನೊಂದು ಚಿಂತೆ. ಈ ಔಷಧದಿಂದ ಚರ್ಮಕ್ಕೆ ಬಿಸಿಲಿನ ಹಾನಿ ಜಾಸ್ತಿ, ನಮ್ಮೂರಿನ ಏಪ್ರಿಲ್ ಹೇಗಿರುತ್ತದೆ ಗೊತ್ತಲ್ವಾ. ತುಂಬು ತೋಳಿನ ಅಂಗಿ, ಟೋಪಿ, ಕ್ರಿಕೆಟ್ ಸಂಜೆ ಐದರ ಮೇಲೆ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಇದು ನಿಧಾನ ಅನ್ನೋ ಕಾರಣಕ್ಕೆ. ಪೂರ್ತಿ ಕೆಲಸ ಮಾಡಲು ಮೂರು ತಿಂಗಳು ಬೇಕಾಯಿತು, ಅಲ್ಲಿವರೆಗೆ ಸ್ಟಿರಾಯ್ಡ್ ಬಿಡಿಸಲು ಆಗಲಿಲ್ಲ. ಗುಳಿಗೆ ಅಗ್ಗ, ಖರ್ಚೆಲ್ಲ ರಕ್ತ ಪರೀಕ್ಷೆಗೆ, ಬೆಳಗಾವಿ ಬಸ್ಸಿಗೆ. ನಮ್ಮೂರಲ್ಲಿ ಯಾವಾಗಲೂ ಸಿಗಲ್ಲ, ಹತ್ತು ದಿನ ಮೊದಲೇ ಅಂಗಡಿಯವರಿಗೆ ಹೇಳಿಡಬೇಕು.

ಈಗ ತೂಕ 33 ಕೆಜಿ. ಈ ಯುಗಾದಿಯ ಗೆರೆ ಏಳು ಸೆಂಟಿಮೀಟರ್ ಮೇಲಿದೆ.

ಲಿಂಫೋಮಾದ ಭಯ ಹೋಗಿಲ್ಲ. ತೀರಾ ಅಪರೂಪ ಅನ್ನುತ್ತಾರೆ, ಆದರೆ ಅದರಲ್ಲೊಂದು ಬಗೆ ಹೆಚ್ಚಾಗಿ ಹದಿಹರೆಯದ, ಯುವ ವಯಸ್ಸಿನ ಗಂಡುಮಕ್ಕಳಲ್ಲೇ ಕಂಡಿದೆ, ಅದೂ ಈ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ, ಇನ್‌ಫ್ಲಿಕ್ಸಿಮಾಬ್ ಥರದ್ದು ಜೊತೆಗಿದ್ದಾಗ. ಮಗನಿಗೆ 13 ತುಂಬುತ್ತಾ ಬಂತು. ಶ್ರಾವಣದಲ್ಲಿ ಮುಂದಿನ ಭೇಟಿ, ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಅನ್ನೋ ಇನ್ನೊಂದು ಔಷಧಕ್ಕೆ ಬದಲಿಸಬಹುದಾ ಅಂತ ಕೇಳಬೇಕೆಂದಿದ್ದೇನೆ.